ವಾಡಿ ದಾಟುವವರಿಗೆ ರೊಟ್ಟಿ

ಗಂಟು ನಾಲ್ಕು ಬೆರಳಿಗಿಂತ ದಪ್ಪ ಇರಬಾರದು. ಇದ್ದರೆ ರೈಲಿನ ಕಿಟಕಿಯ ಸರಳುಗಳ ನಡುವೆ ತೂರುವುದಿಲ್ಲ. ಹಾಗಾಗಿ ನಮ್ಮ ಅತ್ತೆ ಒಣಗಿಸಿದ ಕಟಕ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಚಪ್ಪಟೆ ಪೊಟ್ಟಣ ಕಟ್ಟಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಪಕ್ಕದಲ್ಲಿ ಕೈಯಿಟ್ಟು ಅಳೆದು ನೋಡುತ್ತಿದ್ದರು.

ನನ್ನ ಗಂಡ ಸೈನ್ಯದಲ್ಲಿದ್ದರು. ನಮ್ಮ ಮನೆ ರಾವೂರಿನಲ್ಲಿ, ವಾಡಿ ಜಂಕ್ಷನ್ನಿಗೆ ಹತ್ತಿರ. ಅವರ ತುಕಡಿಯಲ್ಲಿ ದಕ್ಷಿಣದವರು ಬಹಳ. ರಜೆಗೆ ಊರಿಗೆ ಹೋಗುವಾಗ ಅವರ ರೈಲು ವಾಡಿಯಲ್ಲಿ ನಿಲ್ಲುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಗಂಡ ಫೋನ್ ಮಾಡಿ, "ನಾಳೆ ನಮ್ಮ ದೋಸ್ತ ಒಬ್ಬಾಂವ ವಾಡಿ ಮ್ಯಾಲಿಂದ ಹೊಂಟಾನ, ಕೇರಳದಾಂವ. ಅವ್ವಗ ಒಂದಿಷ್ಟು ರೊಟ್ಟಿ ಬಡಿ ಅಂತ ಹೇಳು" ಅಂದರು. ಅಲ್ಲಿಂದ ಅದು ರೂಢಿಯಾಯಿತು.

ಪ್ಲಾಟ್‌ಫಾರ್ಮಿನಲ್ಲಿ ನಾನು, ಕಾಲೇಜಿನಲ್ಲಿ ಪಾಠ ಮಾಡುವವಳಾದರೂ, ಬೋಗಿಯ ನಂಬರು ಓದುತ್ತಾ ಸುಮ್ಮನೆ ನಡೆಯುತ್ತಿದ್ದೆ. ಅತ್ತೆ ಮಾತ್ರ "ಮಿಲ್ಟ್ರಿ ಹುಡುಗುರು ಎಲ್ಲಿದ್ದೀರೋ!" ಎಂದು ಒದರುತ್ತಾ ಮುಂದೆ ಹೋಗುತ್ತಿದ್ದರು. ಒಮ್ಮೆ ಬೇರೆ ಯಾವುದೋ ತುಕಡಿಯ ಸೈನಿಕನೊಬ್ಬ ಕೈ ಚಾಚಿದ; ಅತ್ತೆ ಗಂಟು ಕೊಟ್ಟೇಬಿಟ್ಟರು. ನಮ್ಮ ಅತಿಥಿ ಹಸಿದೇ ಹೋದರು. "ಹೋಗ್ಲಿ ಬಿಡು, ಅಂವಗೂ ಹಸಿವ್ಯಾಗಿತ್ತಲ್ಲ" ಅಂದರು ಅತ್ತೆ.

ಅದನ್ನು ಕೇಳಿ ಗಂಡ ಫೋನಿನಲ್ಲಿ ತುಂಬಾ ನಕ್ಕರು. "ನಮ್ಮವ್ವ ಊರೆಲ್ಲ ಕೇಳೂಹಂಗ ಒದರ್ತಾಳ, ನೀ ತುಟಿ ಬಿಚ್ಚಂಗಿಲ್ಲ. ಇಬ್ಬರನ್ನೂ ಕಲಸಿದ್ರ ಒಬ್ಬಾಕಿ ಸರಿಯಾಗಿ ಮಾತಾಡಾಕಿ ಆಗ್ತಾಳ ನೋಡು."

ಎರಡು ಮಳೆಗಾಲದ ಹಿಂದೆ ಗುಡ್ಡದ ದಾರಿಯಲ್ಲಿ ಅವರಿದ್ದ ಗಾಡಿ ಕಣಿವೆಗೆ ಉರುಳಿತು. ಅವರ ದೇಹವನ್ನು ಮನೆಗೆ ತಂದವರಲ್ಲಿ ಆ ಕೇರಳದ ಗೆಳೆಯರೂ ಒಬ್ಬರು. ಆ ದಿನದ ಬಗ್ಗೆ ನಾನು ಬರೆಯುವುದಿಲ್ಲ.

ಆಮೇಲೆ ಯಾರೂ ರೈಲಿನ ಸುದ್ದಿ ಹೇಳಲಿಲ್ಲ. "ಈ ವರ್ಷ ಯಾರಿಗೂ ಸೂಟಿ ಕೊಟ್ಟಿಲ್ಲೇನು ಸರ್ಕಾರದವ್ರು?" ಎಂದು ಅತ್ತೆ ಆಗಾಗ ಕೇಳುತ್ತಿದ್ದರು. ಅವರೆಲ್ಲ ರಜೆಗೆ ಊರಿಗೆ ಹೋಗಿಬರುತ್ತಿದ್ದಾರೆಂದು ನನಗೆ ಗೊತ್ತಿತ್ತು. ಗಂಡನ ಮೊಬೈಲನ್ನು ನಾನು ಬಂದ್ ಮಾಡಿರಲಿಲ್ಲ. ಅದರಲ್ಲಿ ಅವರ ಗೆಳೆಯರ ಗುಂಪು ಇನ್ನೂ ಇತ್ತು. ಕಳೆದ ಬೇಸಿಗೆಯಲ್ಲಿ ಆ ಗುಂಪಿಗೆ ಒಂದು ಫೋಟೊ ಬಂತು: ರೈಲಿನ ಕಿಟಕಿಯಿಂದ ತೆಗೆದ ವಾಡಿ ನಿಲ್ದಾಣದ ಹಳದಿ ಬೋರ್ಡು. ಕೆಳಗೆ ಒಂದು ಮಾತೂ ಇರಲಿಲ್ಲ. ಕಳಿಸಿದವರು ಅದೇ ಕೇರಳದ ಗೆಳೆಯರು.

ನಮಗೆ ತೊಂದರೆ ಕೊಡಬಾರದೆಂದೇ ಅವರು ಹೇಳದೆ ಹೋಗುತ್ತಿದ್ದರು. ಆದರೆ ರಾವೂರಿನವರಿಗೆ ನನ್ನ ಗಂಡ ಊರಿನ ಹುಡುಗ, ಅಷ್ಟೆ. ವರ್ಷದ ಬಹುಪಾಲು ಅವರು ಬದುಕಿದ್ದು ಈ ಗೆಳೆಯರ ಜೊತೆ. ಇವರೂ ದೂರವಾದರೆ ನಾನು ಕಾಣದ ಆ ಬದುಕನ್ನು ನನಗೆ ಹೇಳುವವರು ಯಾರೂ ಉಳಿಯುವುದಿಲ್ಲ. ಅದು ತಿಳಿದೂ ನಾನಾಗಿ ಮಾತಾಡಿಸಲಿಲ್ಲ. ಗಂಡ ಇದ್ದಾಗ ಮಾತೆಲ್ಲ ಅವರದೇ ಆಗಿತ್ತು.

ಫೋಟೊ ಬಂದ ಮೂರನೆಯ ದಿನ, ಶೇಂಗಾ ಸುಲಿಯುತ್ತಿದ್ದ ಅತ್ತೆಗೆ ತೋರಿಸಿದೆ.

"ನಮ್ಮೂರ ಮುಂದ ಹಾದು ಹೋದ್ನಾ? ಮತ್ತ ನೀ ಯಾಕ ಕೇಳ್ಲಿಲ್ಲ?"

"ನಾ ಹ್ಯಾಂಗ ಕೇಳ್ಲಿರಿ ಅತ್ತಿ? ಅವರು ಇವರ ದೋಸ್ತರು."

"ಭಾಬಿ ಭಾಬಿ ಅಂತ ಯಾರಿಗಿ ಕರೀತಿದ್ರು, ನಿನಗ ಅಲ್ಲೇನು? ಹಚ್ಚು ಫೋನ್."

ಹಚ್ಚಿದೆ. ಗೆಳೆಯರು ಕೇರಳದ ತಮ್ಮ ಊರಿನಲ್ಲಿದ್ದರು. ವಾಪಸು ಹೋಗುವ ರೈಲು ಯಾವುದು ಎಂದು ಕೇಳಿದೆ. ನಿಮಗೆ ತೊಂದರೆ, ತಕಲೀಫು ಎಂದು ಅವರು ಹಿಂದಿಯಲ್ಲಿ ಶುರು ಮಾಡುವಷ್ಟರಲ್ಲಿ ಅತ್ತೆ ಫೋನ್ ಕಸಿದುಕೊಂಡರು. "ತಕಲೀಫ್ ಕಾಯ್ಕಾ ರೇ! ಮಾ ಕೆ ಘರ್‌ಕು ಪೂಛ್‌ಕೆ ಆತೆ ಕ್ಯಾ?" ತಾಯಿಯ ಮನೆಗೆ ಯಾರಾದರೂ ಕೇಳಿ ಬರುತ್ತಾರೇನೋ ಎಂದು ಅತ್ತೆ ತಮ್ಮ ವಾಡಿ ಹಿಂದಿಯಲ್ಲಿ ಬೈದರು.

ರೈಲು ಬಂದ ದಿನ ಅವರು ಕಿಟಕಿಯಲ್ಲಿ ಕಾಯಲಿಲ್ಲ. ನಿಲ್ಲುವ ಮೊದಲೇ ಬಾಗಿಲಿಗೆ ಬಂದು, ಇಳಿದು ಅತ್ತೆಯ ಕಾಲು ಮುಟ್ಟಿದರು. ಅತ್ತೆ ಗಂಟನ್ನು ಅವರ ಕೈಗಿಟ್ಟರು. ಅವರು ಅದನ್ನು ಮೂಸಿ ನೋಡಿ, ನನ್ನ ಗಂಡ ಹಿಂಡಿಯ ಪೊಟ್ಟಣವನ್ನು ಯಾರಿಗೂ ಸಿಗದಂತೆ ಬೂಟಿನೊಳಗೆ ಬಚ್ಚಿಡುತ್ತಿದ್ದರೆಂದೂ, ತಾವೆಲ್ಲ ಒಮ್ಮೆ ಅದನ್ನು ಕದ್ದು ತಿಂದು ಬದಲಿಗೆ ಇಟ್ಟಿಗೆ ಪುಡಿ ತುಂಬಿಟ್ಟಿದ್ದಾಗಿಯೂ ಹೇಳಿದರು. ಅತ್ತೆಗೆ ನಾನು ಕನ್ನಡದಲ್ಲಿ ತಿಳಿಸಿದೆ.

"ಬೂಟಿನ್ಯಾಗಾ? ನಾ ಜಳಕಾ ಮಾಡಿ ಕುಟ್ಟಿ ಕಳಸ್ತಿದ್ದೆ, ಭಾಡ್ಯಾ ಬೂಟಿನ್ಯಾಗ ಇಡ್ತಿದ್ದ್ನಾ!"

ನಾನು ಜೋರಾಗಿಯೇ ನಕ್ಕೆ. ಇದು ನನಗೆ ಗೊತ್ತಿರಲಿಲ್ಲ. ಗಂಡನ ಬಗ್ಗೆ ಹೊಸದೊಂದು ಸಂಗತಿ ಕೇಳಿ ಎಷ್ಟೋ ದಿನವಾಗಿತ್ತು. ರೈಲು ಹೊರಡುವಾಗ, ನನ್ನ ನಂಬರನ್ನೂ ಗುಂಪಿಗೆ ಸೇರಿಸಿ ಎಂದೆ. ಸಂಜೆಯೊಳಗೆ ಇನ್ನೂ ಮೂವರು ತಮ್ಮ ರೈಲಿನ ಹೊತ್ತು ತಿಳಿಸಿದರು. ಅವರಲ್ಲೊಬ್ಬರಿಗೆ ಹಿಂಡಿ ಖಾರ ಕಡಿಮೆ ಇರಬೇಕಂತೆ.

ಮರುದಿನ ಬೆಳಿಗ್ಗೆ ಚಿತ್ತಾಪುರದ ಕಾಲೇಜಿಗೆ ಪಾಠ ಮಾಡಲು ಹೊರಡುವ ಮುಂಚೆ ಜೋಳವನ್ನು ಗಿರಣಿಗೆ ಒಯ್ದೆ.

"ಮನ್ಯಾಗ ಇಬ್ಬರೇ ಇದ್ದೀರಿ, ಇಷ್ಟು ಯಾಕ್ರಿ ಅಕ್ಕಾರ?" ಅಂದರು ಗಿರಣಿಯವರು.

"ಮಂದಿ ಬರೋರಿದ್ದಾರ್ರಿ" ಅಂದೆ. ಸಣ್ಣಗೆ ಬೀಸಲು ಹೇಳಿ ಬಸ್ಸಿಗೆ ನಡೆದೆ.