ಯಾವ ಬೊಕ್, ಅಜ್ಜಿ?

ನಾನು ರೀಲು ಬಿಡುತ್ತಿಲ್ಲ. ರೀಲು ಇರುವುದು ಪ್ಯೋ ಮಾಲ್ಸುನ್ ಅಜ್ಜಿಯ ಕೈಯಲ್ಲಿ. ಅದಕ್ಕೆ ಸುತ್ತಿದ ಕೆಂಪು ದಾರದಷ್ಟೇ ನಿಜ ಈ ಕಥೆ.

ಬುಸಾನಿನ ಮದುವೆ ಬಟ್ಟೆಗಳ ಮಾರುಕಟ್ಟೆಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಹಿಂದಿನ ಓಣಿಯಲ್ಲಿ ಒಂದೇ ಅಂಗಡಿಯ ಶಟರ್ ಬಾಗಿಲು ಅರ್ಧ ಎದ್ದಿದೆ. ಒಳಗೆ ಬೆಚ್ಚನೆಯ ಚಾಪೆಯ ಮೇಲೆ ಕಾಲು ಚಾಚಿ ಕೂತ ಅಜ್ಜಿ ರೇಷ್ಮೆಯ ಪರ್ಸೊಂದನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ತಲೆಕೆಳಗೆ ಹಿಡಿದು ನೋಡುತ್ತಿದ್ದಾರೆ.

"ಇದು ನಗ್ತಿದ್ಯೋ, ಮುನಿಸ್ಕೊಂಡಿದ್ಯೋ?" ಎಂದು ನನ್ನನ್ನೇ ಕೇಳುತ್ತಾರೆ.

ಇದು ಅಂದರೆ ಮೀನು. ಹೊಟ್ಟೆ ಉಬ್ಬಿಸಿಕೊಂಡ ಗುಂಡು ಮೀನು. ಮದುವೆಯ ಪರ್ಸಿನ ಮೇಲೆ ಮೀನು ಯಾಕೆ ಎಂಬುದು ನನಗೂ ಗೊತ್ತಿಲ್ಲ, ಹೊಲಿದ ಅಜ್ಜಿಗೂ ಗೊತ್ತಿಲ್ಲ.

ನಾ ಯೆರಿನ್ ಎಂಬ ಹುಡುಗಿಗೆ ಇವತ್ತು ಸಂಜೆ ಮದುವೆ. ತನ್ನ ಐವರು ಗೆಳತಿಯರು ಹಿಡಿಯಲು ಕೈಹೊಲಿಗೆಯ ಪರ್ಸು ಬೇಕೆಂದು ಅಜ್ಜಿಯ ಬಳಿ ಬಂದಿದ್ದಳು. "ಎಲ್ಲದ್ರ ಮೇಲೂ ದೊಡ್ಡದಾಗಿ ಬೊಕ್ ಇರ್ಲಿ ಅಜ್ಜಿ" ಎಂದು ಹೇಳಿ ಹೋಗಿದ್ದಳು. ಬೊಕ್ ಎಂದರೆ ಇಲ್ಲಿ ಅದೃಷ್ಟ. ನಮ್ಮ ಹಿರಿಯರು ಚೀಲವನ್ನು ಬೊಕ್ಕಣ ಎನ್ನುತ್ತಿದ್ದರಲ್ಲ, ಬೊಕ್ಕಣದ ಮೇಲೊಂದು ಬೊಕ್! ಅಜ್ಜಿ ಐದಕ್ಕೂ ಅದೃಷ್ಟದ ಅಕ್ಷರ ಹೊಲಿದರು.

ನಿನ್ನೆ ಮಧ್ಯಾಹ್ನ ಅಂಗಡಿಯ ಹಳೇ ಫೋನು ಬಡಿದುಕೊಂಡಿತು. ಯೆರಿನ್‌ಳದೇ ಎಳೆದೆಳೆದ ರಾಗ: "ಅಜ್ಜೀಈ, ಬೊಕ್ ಅಂದ್ರೆ ಅಕ್ಷರ ಅಲ್ಲಾಆ... ಮೀನೂಊ!" ಹೊಟ್ಟೆಯುಬ್ಬುವ ಆ ಮೀನಿನ ಹೆಸರೂ ಬೊಕ್ಕೇ. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು.

"ಮತ್ತೆ ಫೋನ್ ಮಾಡಿ ಕೇಳ್ಬಹುದಿತ್ತಲ್ಲ?" ಎನ್ನುತ್ತೇನೆ ನಾನು.

"ಮದುವೆ ಹುಡುಗಿ ತಲೆ ಮೊದ್ಲೇ ಕೆಟ್ಟಿರುತ್ತೆ. ನಾನೂ ಯಾಕೆ ಕೆಡಿಸ್ಲಿ?"

ದ್ವೀಪದ ಹಳ್ಳಿಯಲ್ಲಿ ಬಲೆ ಹೊಲಿಯುತ್ತಿದ್ದ ಅಜ್ಜಿ ರೇಷ್ಮೆಗೆ ಬಂದಿದ್ದು ತಮ್ಮ ಮದುವೆಯಾದ ಮೇಲೆ. ಒಂದು ಕಾಲದಲ್ಲಿ ಕೂರಲು ಜಾಗವಿಲ್ಲದಷ್ಟು ಗಿರಾಕಿಗಳು. ಈಗ ವಧುಗಳು ಬಟ್ಟೆಯನ್ನೇ ಬಾಡಿಗೆಗೆ ತರುತ್ತಾರೆ, ಪರ್ಸು ಮಿಷನ್ನಿನದು. ದಿನಕ್ಕೆ ಒಂದು ಪರ್ಸು ಮುಗಿಸುತ್ತಿದ್ದ ಅಜ್ಜಿಗೆ ಕಣ್ಣಿನ ಆಪರೇಷನ್ ಆದಮೇಲೆ ಎರಡು ದಿನ ಬೇಕು. ಈ ಮೀನುಗಳನ್ನು ಮಾತ್ರ ದಪ್ಪ ದಾರದಲ್ಲಿ, ರಾತ್ರಿಯಿಡೀ ಕೂತು ಮುಗಿಸಿದ್ದಾರೆ. ಮದುವೆಗೆಂದು ಚಿಕ್ಕ ವಯಸ್ಸಿನವಳೊಬ್ಬಳು ಈ ಮೆಟ್ಟಿಲು ಹತ್ತಿ ಎಷ್ಟೋ ಕಾಲವಾಗಿತ್ತು.

"ಈ ಹುಡುಗಿ ಮುಖ ತಿರುಗಿಸ್ಕೊಂಡ್ ಹೋದ್ರೆ ಅವಳ ಗೆಳತೀರೂ ಬರಲ್ಲ. ಆಮೇಲೆ ಬಾಗಿಲು ಪೂರ್ತಿ ಇಳಿಸೋದೇ" ಎನ್ನುತ್ತಾ ಅಜ್ಜಿ ಕೊನೆಯ ಪರ್ಸನ್ನು ಉಳಿದ ನಾಲ್ಕರ ಪಕ್ಕದಲ್ಲಿಡುತ್ತಾರೆ.

ಎದುರಿನ ಬೊಕ್ ಮೀನಿನ ಸಾರಿನ ಅಂಗಡಿಯ ಕ್ವಾಕ್ ದುಸಿಮ್ ಬಿಸಿ ಪಾತ್ರೆ ಹಿಡಿದು ಬರುತ್ತಾಳೆ. ಸಾಲಾಗಿ ಕೂತ ಐದು ಮೀನು ಕಂಡು ಅಲ್ಲೇ ನಿಲ್ಲುತ್ತಾಳೆ.

"ಅಕ್ಕಾ... ಇದೇನಿದು?"

"ನಿನ್ನ ಅಂಗಡಿ ಬೋರ್ಡಿನ ಮೀನು ನೋಡ್ಕೊಂಡೇ ಹೊಲಿದೆ. ಹೇಗಿದೆ?"

ದುಸಿಮ್ ಬಾಯಿ ಬಿಡುವ ಮೊದಲೇ ಯೆರಿನ್ ಒಳಗೆ ಬರುತ್ತಾಳೆ. ಪರ್ಸು ನೋಡುತ್ತಾಳೆ.

"ಅಜ್ಜಿ, ಮೀನು ಯಾಕೆ?"

"ನೀನೇ ಅಂದ್ಯಲ್ಲಮ್ಮ, ಫೋನಲ್ಲಿ!"

"ನಾನಾ?"

"ಅವಳಲ್ಲ, ನಾನು" ಎಂದು ದುಸಿಮ್ ಪಾತ್ರೆ ಕೆಳಗಿಟ್ಟು, ಯೆರಿನ್‌ಳದೇ ಗಂಟಲಲ್ಲಿ "ಅಜ್ಜೀಈ, ಮೀನೂಊ" ಎಂದು ರಾಗ ಎಳೆದು ತೋರಿಸುತ್ತಾಳೆ. "ಅವತ್ತು ಇವಳು ಬೊಕ್ ಕೇಳಿದ್ದು ನನ್ನ ಅಂಗಡಿಗೂ ಕೇಳಿಸ್ತು, ತಮಾಷೆಗೆ ಫೋನ್ ಮಾಡ್ದೆ. ಗುರುತು ಹಿಡಿದು ಬೈತೀಯ ಅಂತ ಕಾಯ್ತಿದ್ದೆ ಅಕ್ಕ. ಗಿರಾಕಿಗಳು ತುಂಬ್ಕೊಂಡ್ರು, ಮರ್ತೇಬಿಟ್ಟೆ. ತಪ್ಪಾಯ್ತು, ಸಂಜೆಗೆ ಈಗೇನ್ ಮಾಡೋದು?"

ಅಜ್ಜಿ ಒಬ್ಬರಾದಮೇಲೆ ಒಬ್ಬರ ಮುಖ ನೋಡುತ್ತಾರೆ. ಆಮೇಲೆ ಒಂದೊಂದೇ ಪರ್ಸನ್ನು ಮಗುಚಿ ಹಾಕುತ್ತಾರೆ. ಬೆನ್ನಿನಲ್ಲಿ ಕೆಂಪು ದಾರದ ಅದೃಷ್ಟದ ಅಕ್ಷರ, ಐದಕ್ಕೂ.

"ಹೊಲಿದದ್ದನ್ನ ಬಿಚ್ಚೋಕೆ ಮನಸ್ಸು ಬರ್ಲಿಲ್ಲ. ಎರಡು ಸಲಾನೂ ಬೊಕ್ ಅಂತಾನೇ ಕೇಳಿಸ್ತು. ಯಾವುದನ್ನ ಬಿಡ್ಲಿ? ಅದಕ್ಕೆ ಹಿಂದೊಂದು, ಮುಂದೊಂದು."

ಯೆರಿನ್ ಒಂದು ಪರ್ಸನ್ನು ಆಚೆ ಈಚೆ ತಿರುಗಿಸುತ್ತಾಳೆ. ಕಣ್ಣೊರೆಸಿಕೊಳ್ಳುತ್ತಾಳೆ. "ಫೋಟೋಗೆ ಅಕ್ಷರ, ಊಟಕ್ಕೆ ಮೀನು" ಎಂದು ಐದನ್ನೂ ಎದೆಗೆ ಅವಚಿಕೊಳ್ಳುತ್ತಾಳೆ. "ಅಜ್ಜಿ, ನನಗೂ ಒಂದು ಬೇಕಿತ್ತು. ಆಮೇಲೆ ಹೊಲಿದುಕೊಡ್ತೀರಾ?"

ದುಸಿಮ್‌ಗೆ ನಗು ತಡೆಯುವುದಿಲ್ಲ, ಯೆರಿನ್‌ಗೂ. ಅಜ್ಜಿಗೆ ಮಾತ್ರ ಎಲ್ಲ ಈಗ ತಲೆಗೆ ಹತ್ತುತ್ತಿದೆ.

"ಅಂದ್ರೆ ಫೋನಲ್ಲಿದ್ದೋಳು ನೀನಾ? ಲೇ ದುಸಿಮ್, ಮದುವೆಗೆ ಹೋಗೋ ಮೀನು ಸಪ್ಪಗಿರಬಾರ್ದು ಅಂತ ಒಂದೊಂದಕ್ಕೂ ಹುಬ್ಬು ಹೊಲಿದ್ನಲ್ಲೇ!"

ಹಾಗೆಂದು ಬೊಕ್ಕಬಾಯಿ ತೆರೆದು ಅವರು ನಕ್ಕ ಸದ್ದಿಗೆ, ಓಣಿಯ ಉಳಿದ ಅಂಗಡಿಗಳ ಬಾಗಿಲುಗಳೂ ಒಂದೊಂದಾಗಿ ಏಳುತ್ತವೆ.