ಇಪ್ಪತ್ತೆಂಟು ಸಿಲಿಂಡರಿನ ನಿಧಾನಪ್ಪ

ವಿಮಾನದ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಒಂದು ನಟ್ಟು ಬಿಗಿದರೆ ಅದನ್ನು ಬಟ್ಟೆಯಿಂದ ಒರೆಸಿ, ಕನ್ನಡಕ ಏರಿಸಿ ನೋಡಿ, ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡುವ ಆಸಾಮಿ. "ನಿಧಾನಪ್ಪಂಗೆ ಮದುವೆ ಯಾಕಾಗಿಲ್ಲ ಗೊತ್ತಾ? ಹೆಣ್ಣು ನೋಡೋಕೆ ಹೋದೋನು ಇನ್ನೂ ನೋಡ್ತಾನೇ ಇದಾನೆ" ಎಂದು ವೆಲ್ಡಿಂಗಿನವನು ಎಲ್ಲರನ್ನೂ ನಗಿಸುತ್ತಿದ್ದ. ನಿಜವಾದ ಕಾರಣ ಬೇರೆ. ಅಪ್ಪ ಅಮ್ಮ ಬೇಗನೆ ಕಣ್ಣು ಮುಚ್ಚಿದ್ದರು. ಕೈಗೂಸಾಗಿದ್ದ ತಮ್ಮನನ್ನು ಸಾಕಿ, ಕೆಲಸ ಕಲಿಸಿ, ಅವನಿಗೊಂದು ಮದುವೆ ಮಾಡುವಷ್ಟರಲ್ಲಿ ಇವನ ತಲೆ ನರೆತಿತ್ತು. ತಮ್ಮನ ಮನೆಯೇ ಇವನ ಮನೆಯಾಯಿತು. ತಮ್ಮನ ಹೆಂಡತಿ ಬಾಯಿ ತುಂಬ "ಭಾವ" ಎಂದು ಕರೆದು ಬಡಿಸಿದರೆ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದ. ಮೂರು ವರ್ಷದ ಮಗು "ದೊಡ್ಡಪ್ಪಾ" ಎಂದು ತೊಡೆ ಏರಿದರೆ ಮತ್ತೇನೂ ಬೇಕಿರಲಿಲ್ಲ. ಈ ಭೂಮಿಯ ಮೇಲೆ ಅವನಿಗೆ ಇದ್ದದ್ದು ಅಷ್ಟೇ.

ಶೆಡ್ಡಿನಲ್ಲಿದ್ದದ್ದು ಒಂದು ಮುದಿ ವಿಮಾನ. ಒಂದು ಕಾಲಕ್ಕೆ ಸೈನ್ಯದ ಸಾಮಾನು ಹೊತ್ತಿತ್ತು, ಈಗ ಜನ ನೋಡಲೆಂದು ಪ್ರದರ್ಶನದಲ್ಲಿ ಹಾರುತ್ತಿತ್ತು. ಅದರ ಎರಡು ಎಂಜಿನ್‌ಗಳಿವೆಯಲ್ಲ, ಪಿಸ್ಟನ್ ಎಂಜಿನ್‌ಗಳ ಪೈಕಿ ಅಷ್ಟು ಬಲವಾದವು ವಿಮಾನದಲ್ಲಿ ಕೂತು ಹಾರಿದ್ದೇ ಅಪರೂಪ. ಒಂದೊಂದರಲ್ಲೂ ನಾಲ್ಕು ಸುತ್ತಾಗಿ ಜೋಡಿಸಿದ ಇಪ್ಪತ್ತೆಂಟು ಸಿಲಿಂಡರ್, ಮೂರು ಸಾವಿರಕ್ಕೂ ಮೀರಿದ ಅಶ್ವಶಕ್ತಿ. ಜೆಟ್ ಬಂದ ಮೇಲೆ ಇಂಥವನ್ನು ಕಟ್ಟುವವರೂ ಇಲ್ಲ, ಬಿಚ್ಚಬಲ್ಲವರೂ ಇಲ್ಲ. ಆನೆ ಸಾಕಿದ ಹಾಗೆ ಅದರ ಚಾಕರಿ.

ಆನೆಗೆ ಮದ ಇದ್ದಂತೆ ಇದಕ್ಕೂ ಒಂದು ಕೆಟ್ಟ ಗುಣ. ಕೆಲವು ದಿನ ಸುಮ್ಮನೆ ನಿಂತಿತೆಂದರೆ ಎಣ್ಣೆ ಸೋರಿ ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಚಾಲೂ ಮಾಡುವ ಮುಂಚೆ ಪ್ರೊಪೆಲ್ಲರಿನ ಅಲಗು ಹಿಡಿದು ಕೈಯಿಂದಲೇ ಸುತ್ತಿಸಬೇಕು. ಸುತ್ತಿದರೆ ಸರಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ಕೈಬಿಟ್ಟು, ಕೆಳಗಿನ ಪ್ಲಗ್ಗುಗಳನ್ನು ಬಿಚ್ಚಿ ಎಣ್ಣೆ ಬಸಿಯಬೇಕು. ಅರ್ಧ ದಿನದ ಕೆಲಸ. ಆತುರಗಾರನಿಗೆ ಇನ್ನೊಂದು ಹಾದಿಯಿದೆ. ಅಲಗನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದರೆ ಎಣ್ಣೆ ಗಾಳಿಯ ಕೊಳವೆಯೊಳಕ್ಕೆ ಸರಿದುಕೊಳ್ಳುತ್ತದೆ, ಅಲಗು ಸಲೀಸಾಗಿ ಸುತ್ತುತ್ತದೆ. ಎಂಜಿನ್ ಚಾಲೂ ಆದಾಗ ಅದೇ ಎಣ್ಣೆ ಮತ್ತೆ ಸಿಲಿಂಡರಿಗೆ ಬರುತ್ತದೆ. ಎಣ್ಣೆ ಗಾಳಿಯಲ್ಲವಲ್ಲ, ಪಿಸ್ಟನ್ ಎಷ್ಟು ಅಮುಕಿದರೂ ಕುಗ್ಗುವುದಿಲ್ಲ. ಪಿಸ್ಟನ್ನಿನ ಹಿಂದಿನ ರಾಡು ಬಾಗುತ್ತದೆ. ಬಾಗಿದ ರಾಡು ಅವತ್ತೇ ಮುರಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಹಾಗೇ ನಾಲ್ಕು ದಿನ ಓಡಿ, ತನಗೆ ಬೇಕಾದ ಹೊತ್ತಿಗೆ ಮುರಿಯುತ್ತದೆ.

ಇದೆಲ್ಲ ತಮ್ಮನಿಗೂ ಗೊತ್ತಿತ್ತು. ಕಲಿಸಿದವನು ಅಣ್ಣನೇ.

ಆ ವರ್ಷ ಅಲಗು ತಡೆಯಿತೆಂದು ನಿಧಾನಪ್ಪ ಎರಡು ಸಲ ಪ್ರದರ್ಶನ ನಿಲ್ಲಿಸಿದ್ದ. ಎರಡನೆಯ ಸಲ ಬಿಸಿಲಲ್ಲಿ ಕಾದು ಬೆಂದ ಜನ ಬೇಲಿಯಾಚೆಯಿಂದ ಕೂಗಿ ಗೇಲಿ ಮಾಡಿದರು. ತಮ್ಮನಿಗೆ ತಡೆಯಲಾಗಲಿಲ್ಲ. ಎಲ್ಲರೆದುರು ಹರಿಹಾಯ್ದ.

"ನಿನ್ನ ಕೈಗೆ ಕೊಟ್ರೆ ಹಕ್ಕೀನೂ ಹಾರಲ್ಲ ಕಣಣ್ಣ! ಹುಟ್ಟಿದಾಗಿಂದ ನಿನ್ನ 'ತಡಿ, ತಡಿ' ಕೇಳಿ ಕೇಳಿ ಸಾಕಾಗಿದೆ ನಂಗೆ."

ಮಾತು ಆಡಿದರೆ ಹೋಯಿತು. ಅಂದಿನಿಂದ ತಮ್ಮ ಅಣ್ಣನೊಡನೆ ಮಾತು ಬಿಟ್ಟ. ಊಟಕ್ಕೂ ಆಮೇಲೆ ಬಂದು ಕೂರುತ್ತಿದ್ದ. ಇವನಿಗೆ ಹೆತ್ತ ಮಗನೇ ಮುಖ ತಿರುಗಿಸಿದಷ್ಟು ನೋವಾಗಿತ್ತು.

ಮುಂದಿನ ಪ್ರದರ್ಶನದ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ತಮ್ಮ ಟೀ ಲೋಟ ಹಿಡಿದುಕೊಂಡು ಬಂದು ನಿಂತ. "ಅಣ್ಣಾ, ಟೀ ತಗೋ." ಅಷ್ಟೇ ಮಾತು. ನಿಧಾನಪ್ಪನಿಗೆ ಕಣ್ಣು ಮಂಜಾಯಿತು, ಲೋಟದ ಹಬೆಯ ಮೇಲೆ ತಪ್ಪು ಹೊರಿಸಿದ.

ಅವನ ಬಲಭುಜ ಹಿಡಿದುಕೊಂಡು ವಾರವಾಗಿತ್ತು, ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಹಾಗಾಗಿ ಎಡಗಡೆಯ ಎಂಜಿನ್ನಿನ ಅಲಗು ಸುತ್ತಿಸಲು ತಮ್ಮನೇ ಹೋದ. ಇವನು ಆಚೆ ಎಂಜಿನ್ನಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅಲಗು ಎರಡು ಸುತ್ತು ಬಂದು ಗಕ್ಕನೆ ನಿಂತಿತು. ತಮ್ಮ ಆ ಕಡೆ ಈ ಕಡೆ ನೋಡಿದ. ಅಲಗಿಗೆ ಭುಜ ಕೊಟ್ಟು ಹಿಂದಕ್ಕೆ ತಳ್ಳಿದ, ಆಮೇಲೆ ಮುಂದಕ್ಕೆ ಎಳೆದ. ಅದು ಸಲೀಸಾಗಿ ಸುತ್ತಿತು.

"ತಡೀತೇನೋ?" ಎಂದು ಅಣ್ಣ ಕೂಗಿದ.

"ಇಲ್ಲಣ್ಣ, ಕೈ ಜಾರ್ತು."

ಪ್ಲಗ್ ಬಿಚ್ಚು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ಮತ್ತೆ ಅದೇ ರಂಪ, ಅದೇ ಮೌನ, ಅದೇ ಬೇರೆ ಬೇರೆ ಊಟ. ಮಾತನ್ನು ನುಂಗಿಕೊಂಡ. ಇದಕ್ಕೆ ಅವನನ್ನು ಬೈಯಬೇಕೆನ್ನಿಸಿದರೆ ಬೈಯಿರಿ, ಬೈಯಬೇಕಾದದ್ದೇ. ಜೀವಮಾನವೆಲ್ಲ ನಟ್ಟು ನಟ್ಟಿಗೂ ಜಗಳ ಕಾದವನು ಆ ಒಂದು ಬೆಳಿಗ್ಗೆ ತಮ್ಮನ ಮುಖ ಬಾಡಬಾರದೆಂದು ಸುಮ್ಮನಾದ.

ಎಂಜಿನ್ ನೀಲಿ ಹೊಗೆ ಕಾರಿ, ಕೆಮ್ಮಿ, ಚಾಲೂ ಆಯಿತು. ನೆಲ ನಡುಗಿತು. ವಿಮಾನ ಜನರ ತಲೆಯ ಮೇಲೆ ಸುತ್ತು ಹಾಕಿ ಕ್ಷೇಮವಾಗಿ ಇಳಿಯಿತು. ಪೈಲಟ್‌ಗಳ ಬೆನ್ನಿಗೆ ಕೂತು ಎಂಜಿನ್ನಿನ ಮೀಟರುಗಳ ಮುಳ್ಳುಗಳನ್ನು ಕಾಯುವುದು ತಮ್ಮನ ಕೆಲಸ. ಏಣಿ ಇಳಿಯುತ್ತಲೇ "ನೋಡಿದ್ಯಾ ಅಣ್ಣ, ನಮ್ಮ ಹುಲೀನ!" ಎಂದು ನಕ್ಕ. ಆ ರಾತ್ರಿ ಇಬ್ಬರೂ ಒಟ್ಟಿಗೆ ಉಂಡರು. ಬಹುಶಃ ಏನೂ ಆಗಿಲ್ಲ ಎಂದು ನಿಧಾನಪ್ಪ ತನಗೆ ತಾನೇ ಹೇಳಿಕೊಂಡ.

ಅದರ ಮುಂದಿನ ಪ್ರದರ್ಶನದಲ್ಲಿ, ವಿಮಾನ ನೆಲ ಬಿಟ್ಟು ಮೇಲೇರುತ್ತಿದ್ದಾಗ ಎಡಗಡೆಯ ಎಂಜಿನ್ ಒಡೆಯಿತು. ರೆಕ್ಕೆಗೆ ಬೆಂಕಿ ಹತ್ತಿತು. ವಿಮಾನ ಮೈದಾನದಾಚೆಯ ಖಾಲಿ ಜಾಗದಲ್ಲಿ ಬಿತ್ತು. ಎಲ್ಲರೂ ಅತ್ತ ಓಡಿದರು. ನಿಧಾನಪ್ಪ ಓಡಲಿಲ್ಲ. ಎಲ್ಲಿ ಏನು ಮುರಿದಿದೆ ಎಂದು ಅವನಿಗೆ ನಿಂತಲ್ಲೇ ಗೊತ್ತಿತ್ತು. ಇಬ್ಬರು ಪೈಲಟ್‌ಗಳು, ತಮ್ಮ, ಮೂವರೂ ಸುಟ್ಟುಹೋದರು.

ತನಿಖೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಮುರಿದ ರಾಡನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದ, "ಇದು ಮೊದಲೇ ಬಾಗಿತ್ತು. ಯಾರೋ ಅಲಗು ಹಿಂದಕ್ಕೆ ತಳ್ಳಿದಾರೆ. ಯಾರು?"

"ನಾನು ಸಾರ್" ಎಂದ ನಿಧಾನಪ್ಪ.

ಲೈಸೆನ್ಸ್ ಹೋಯಿತು, ಕೆಲಸ ಹೋಯಿತು. ಹೊರಗೆ ಬಂದಾಗ ವೆಲ್ಡಿಂಗಿನವನು ರಟ್ಟೆ ಹಿಡಿದು ನಿಲ್ಲಿಸಿದ. "ಕೈ ಎತ್ತೋಕೇ ಆಗ್ತಿರ್ಲಿಲ್ಲ ನಿಂಗೆ, ನೀನೆಲ್ಲಿ ತಳ್ಳಿದೆ? ಯಾಕಯ್ಯ ಈ ಸುಳ್ಳು?"

"ಸುಮ್ನಿರಪ್ಪ. ಸತ್ತೋನ ತಲೆ ಮೇಲೆ ಇನ್ನೆರಡು ಹೆಣ ಹೊರಿಸ್ಬೇಡ."

ಊರ ಬಾಯಿಗೆ ಬೀಗ ಹಾಕುವವರುಂಟೆ? ಅವನು ಮನೆ ಮುಟ್ಟುವ ಮುಂಚೆ ಸುದ್ದಿ ಹತ್ತು ರೂಪ ತಾಳಿ ಮನೆ ಮುಟ್ಟಿತ್ತು. ಜಗಲಿಯ ಮೇಲೆ ಕೂತ ಕೂಡಲೇ ಮಗು ತೊಡೆ ಏರಿ, ಅಲ್ಲೇ ತೂಕಡಿಸಿ ನಿದ್ದೆ ಹೋಯಿತು. ತಮ್ಮನ ಹೆಂಡತಿ ಬಂದು ಎದುರಿಗೆ ನಿಂತಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಭಾವ, ಪೈಲಟ್ ತಾಯಿ ಬೀದೀಲಿ ನಿಂತು ಶಾಪ ಹಾಕಿ ಹೋದ್ರು. ಇವರೇ ಮಾಡಿದ್ದು ಅಂತಾರೆ ಕೆಲವರು, ನೀವು ಅಂತಾರೆ ಕೆಲವರು. ನನ್ನ ಮುಖ ನೋಡಿ ಹೇಳಿ. ಅಲಗು ತಳ್ಳಿದ್ದು ಯಾರು?"

"ನಾನಮ್ಮ."

ಅವಳು ಮತ್ತೆ ಕೇಳಿದಳು, "ಏನಾಗುತ್ತೆ ಅಂತ ಗೊತ್ತಿದ್ದೂ ಅವರನ್ನ ಹತ್ತಿಸಿದ್ರಾ?"

ಈ ಪ್ರಶ್ನೆಯನ್ನು ಅವನು ಎಣಿಸಿರಲಿಲ್ಲ. ಮೊದಲನೆಯದಕ್ಕೆ ಸುಳ್ಳು ಸಿದ್ಧವಾಗಿತ್ತು. ಇದಕ್ಕೆ ಸುಳ್ಳು ಬೇಕಾಗಿರಲಿಲ್ಲ.

"ಹೂಂ" ಎಂದ.

ಅವಳು ಬಾಗಿ ಮಗುವನ್ನು ಅವನ ತೊಡೆಯಿಂದ ಎತ್ತಿಕೊಂಡಳು.

"ಬೆಳಿಗ್ಗೆ ಇದು ಏಳೋ ಮುಂಚೆ ಹೊರಟುಬಿಡಿ. ಎದ್ರೆ ದೊಡ್ಡಪ್ಪ ಎಲ್ಲಿಗೆ ಹೋಗ್ತಿದಾರೆ ಅಂತ ಕೇಳುತ್ತೆ. ಏನು ಹೇಳ್ಲಿ ನಾನು?"

ಅವನು ಹಾಗೇ ಮಾಡಿದ.