ಹಲ್ಲಕ್ಕನ ಎರಡೂವರೆ ವರ್ಷ

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಹಲ್ಲಕ್ಕ. ಇಪ್ಪತ್ತೆರಡು ವರ್ಷದಿಂದ ಸತ್ತವರ ಹಲ್ಲು ಕೊಯ್ಯುವುದೇ ಅವಳ ಕೆಲಸ. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಮಕ್ಕಳ ಹಲ್ಲು, ಕರುಗಳ ಹಲ್ಲು, ಒಮ್ಮೆ ಗುಹೆಯಲ್ಲಿ ಸಿಕ್ಕ ಕರಡಿಯ ಹಲ್ಲು. ಅವಳು ಕೊಯ್ದು ಕೊಟ್ಟದ್ದನ್ನು ನಾನು ಯಂತ್ರಕ್ಕೆ ಹಾಕಿ ಸುಡುತ್ತೇನೆ, ಹೊರಬಂದ ಅನಿಲವನ್ನು ಅಳೆಯುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪವಂತೆ. ಇರಲಿ. ಮೂರು ತಿಂಗಳ ಸರದಿ ಇರುವ ಯಂತ್ರವನ್ನು ಕಾಯುವವನು ನಗುನಗುತ್ತಾ ಕೂರಬೇಕೇನು?

ಹಲ್ಲಕ್ಕನ ಬಾಯಿಯೂ ಕಡಿಮೆಯದಲ್ಲ. ಒಮ್ಮೆ ಒಬ್ಬ ಸಂಶೋಧಕ ಮಹಾಶಯ ಗುಹೆಯ ಮನುಷ್ಯನ ಹಲ್ಲೊಂದರಲ್ಲಿ ಸಿಕ್ಕ ಪ್ರೋಟೀನುಗಳ ಪಟ್ಟಿ ಹಿಡಿದು ಓಡಿ ಬಂದ. ಅದರಲ್ಲಿ ಕುರಿಯ ಉಣ್ಣೆಯ ಪ್ರೋಟೀನು ಇತ್ತು. ದೊಡ್ಡ ಶೋಧ ಎಂದು ಅವನ ಮುಖ ಇಷ್ಟಗಲ. ಹಲ್ಲಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಗುಹೆಯವನು ಸ್ವೆಟರ್ ಹಾಕ್ತಿದ್ನಾ ಸಾರ್, ಇಲ್ಲ ನೀವು ಹಾಕ್ಕೊಂಡು ಬಂದಿದ್ರಾ?" ಎಂದಳು. ಆತ ಆಗಲೂ ಅದೇ ಸ್ವೆಟರಿನಲ್ಲಿ ನಿಂತಿದ್ದ. ಅಂದಿನಿಂದ ಆ ಕೋಣೆಗೆ ಉಣ್ಣೆ ತೊಟ್ಟು ಯಾರೂ ಕಾಲಿಟ್ಟಿಲ್ಲ.

ಇಷ್ಟು ಮಾತಿನವಳು ಅಮ್ಮನ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ ಹಾಕುತ್ತಿದ್ದಳು. ಅವಳು ಕೂಸಾಗಿದ್ದಾಗಲೇ ಅಮ್ಮ ತೀರಿಹೋಗಿದ್ದರು. ಯಾವಾಗ ಎಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಬದುಕಿರುವ ತನಕ "ನೀನು ಆಗ ತುಂಬಾ ಚಿಕ್ಕವಳು" ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದರು. ಸಾಕಿ ಬೆಳೆಸಿದವರು ಸೋದರತ್ತೆ, ಅಪ್ಪನ ತಂಗಿ. ಅವರನ್ನು ಕೇಳಿದರೆ "ಅದೆಲ್ಲ ಈಗ್ಯಾಕೆ, ಊಟ ಮಾಡು" ಎಂಬ ಗದರಿಕೆ. ಹಲ್ಲಕ್ಕ ಮದುವೆಯಾಗಲಿಲ್ಲ, ನಲವತ್ತೆಂಟು ವರ್ಷವನ್ನೂ ಅತ್ತೆಯ ಜೊತೆಗೇ ಕಳೆದಿದ್ದಳು; ಅಪ್ಪ ಹೋದ ಮೇಲೆ ಮನೆಯಲ್ಲಿ ಇಬ್ಬರೇ.

ಒಂದು ದಿನ ಊಟದ ಬಿಡುವಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ಅವಳೇ ಬಾಯಿ ಬಿಟ್ಟಳು. "ಚಿಕ್ಕವಳು ಅಂದ್ರೆ ಎಷ್ಟು ಚಿಕ್ಕವಳು ಸಾರ್? ಒಂದು ತಿಂಗಳಾ, ಎರಡು ವರ್ಷಾನಾ? ಎರಡು ವರ್ಷ ಅಂದ್ರೆ ನಾನು ಅಮ್ಮಾ ಅಂತ ಕರೆದಿರ್ತೀನಿ ಅಲ್ವಾ? ಅವಳು ಓ ಅಂದಿರ್ತಾಳೆ. ನನಗೆ ನೆನಪಿಲ್ಲದಿದ್ರೂ ಪರವಾಗಿಲ್ಲ. ಒಂದೇ ಒಂದು ಸಲ ಹಾಗೆ ಆಗಿತ್ತು ಅಂತ ಗೊತ್ತಾದ್ರೆ ಸಾಕು."

ಹೋದ ವರ್ಷ ಅವಳ ಕೆಳಗಿನ ದವಡೆಹಲ್ಲು ಕೆಟ್ಟು, ವೈದ್ಯರು ಕಿತ್ತರು. ಮಾರನೆಯ ದಿನ ಅದನ್ನು ತೊಳೆದು ಪುಟ್ಟ ಶೀಶೆಯಲ್ಲಿ ಹಾಕಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. "ಇದೊಂದನ್ನ ಯಂತ್ರಕ್ಕೆ ಹಾಕ್ಕೊಡಿ ಸಾರ್."

"ತಲೆ ನೆಟ್ಟಗಿದೆಯಾ ನಿನಗೆ? ಇದೇನು ನಿಮ್ಮ ಮನೆ ಮಿಕ್ಸಿನಾ?" ಎಂದು ಕೂಗಾಡಿದೆ. ಅವಳು ಅಲ್ಲಾಡಲಿಲ್ಲ. ಅವಳಿಗೆ ಏನು ಬೇಕಿತ್ತೆಂದು ನನಗೂ ಗೊತ್ತಿತ್ತು. ಅದು ಮೊದಲ ದವಡೆಹಲ್ಲು. ಮಗು ಹುಟ್ಟುವ ಹೊತ್ತಿಗೆ ದವಡೆಯೊಳಗೆ ಅದು ಮೂಡಲು ಶುರುವಾಗಿ, ಪದರದ ಮೇಲೆ ಪದರವಾಗಿ ಬೆಳೆಯುತ್ತದೆ. ಒಮ್ಮೆ ಕೂತ ಪದರ ಸಾಯುವ ತನಕ ಬದಲಾಗುವುದಿಲ್ಲ. ಇನ್ನು ಆ ಪದರಗಳಲ್ಲಿರುವ ಸಾರಜನಕದಲ್ಲಿ ಹಗುರದ್ದೊಂದು, ತುಸು ಭಾರದ್ದೊಂದು ಇವೆ; ಐಸೊಟೋಪು ಎನ್ನುವುದು ಅವುಗಳಿಗೇ. ಎದೆಹಾಲು ಕುಡಿಯುವ ಕೂಸು ಒಂದು ರೀತಿಯಲ್ಲಿ ತಾಯಿಯ ಮೈಯನ್ನೇ ಉಣ್ಣುತ್ತದೆ, ಹಾಗಾಗಿ ಅದರಲ್ಲಿ ಭಾರದ್ದು ಒಂದು ಮೆಟ್ಟಿಲು ಮೇಲಿರುತ್ತದೆ. ಹಾಲು ಬಿಡಿಸಿದ ಮೇಲೆ ಮೆಲ್ಲಗೆ ಇಳಿಯುತ್ತದೆ. ಡಬ್ಬಿ ಹಾಲು, ಹಸುವಿನ ಹಾಲು ಕುಡಿದರೆ ಹಾಗೆ ಏರುವುದಿಲ್ಲ. ಸಾವಿರಾರು ವರ್ಷದ ಹಿಂದೆ ಸತ್ತ ಮಗು ಎಷ್ಟು ಕಾಲ ಹಾಲು ಕುಡಿದಿತ್ತು ಎಂದು ನಾವು ಹೇಳುವುದು ಹೀಗೆ.

ಅರ್ಧ ಹಲ್ಲನ್ನು ಅವಳು ತೆಳು ಆಮ್ಲದಲ್ಲಿ ನೆನೆಹಾಕಿದಳು. ಎರಡು ವಾರಕ್ಕೆ ಸುಣ್ಣದ ಅಂಶವೆಲ್ಲ ಕರಗಿ, ಕೊಲಾಜೆನ್ ಎಂಬ ಪ್ರೋಟೀನು ಮಾತ್ರ ರಬ್ಬರಿನ ಹಾಗೆ ಮೆತ್ತಗೆ ಉಳಿಯಿತು. ಅದನ್ನು ಮೇಲಿಂದ ಕೆಳಗಿನವರೆಗೆ ಒಂದೊಂದು ಮಿಲಿಮೀಟರಿಗೆ ಕತ್ತರಿಸಬೇಕು. ಎಷ್ಟೋ ಸಾವಿರ ಚೂರು ಕತ್ತರಿಸಿದವಳು ಅಂದು ಅಳತೆಪಟ್ಟಿಯನ್ನು ಮೂರು ಸಲ ಇಟ್ಟು ಮೂರು ಸಲ ತೆಗೆದಳು. "ಬ್ಲೇಡು ಕೆಳಗಿಡು, ನೀರು ಕುಡಿ" ಎಂದು ಗದರಿದೆ. ಕುಡಿದು ಬಂದು ಕತ್ತರಿಸಿದಳು. ಯಾವನೋ ದೊಡ್ಡ ಮನುಷ್ಯನ ಮಾದರಿಗಳನ್ನು ಹಿಂದಕ್ಕೆ ತಳ್ಳಿ ನಾನು ಅವಳದ್ದನ್ನು ಮುಂದಿಟ್ಟೆ. ಯಾರೂ ಕೇಳಲಿಲ್ಲ, ಕೇಳುವ ಧೈರ್ಯ ಯಾರಿಗಿದೆ?

ಒಂದು ಚೂರೆಂದರೆ ಏಳೆಂಟು ತಿಂಗಳ ಬೆಳವಣಿಗೆ; ಕಾಗದದ ಮೇಲೆ ಚೂರಿಗೊಂದು ಚುಕ್ಕೆ. ಮೊದಲ ನಾಲ್ಕು ಚುಕ್ಕೆ ಎತ್ತರದಲ್ಲಿದ್ದವು. ಆಮೇಲೆ ಗೆರೆ ಇಳಿಯುತ್ತಾ ಬಂತು. ಎರಡು ಸಲ ಅಳೆದೆ, ಅದೇ ಬಂತು.

"ಎರಡೂವರೆ ವರ್ಷ ಕಣಮ್ಮ," ಎಂದೆ. "ಎರಡೂವರೆ ವರ್ಷ ನಿಮ್ಮಮ್ಮ ನಿನಗೆ ಹಾಲು ಕೊಟ್ಟಿದ್ದಾರೆ."

ಈ ಬಾಯಿಂದಲೇ ಹೇಳಿದೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. "ಹಾಗಾದ್ರೆ ಕರೆದಿದ್ದೀನಿ ಸಾರ್," ಎಂದಳು. "ಕರೆದೇ ಇರ್ತೀನಿ." ಆ ವಾರವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ. ನನ್ನ ಬೈಗುಳಕ್ಕೂ ನಗುತ್ತಿದ್ದಳು. ಕಿತ್ತ ಹಲ್ಲಿನ ಜಾಗವನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಅತ್ತೆಗೆ ನೀವೇ ಹೇಳಿ ಸಾರ್. ನಾನು ಕೇಳಿದ್ರೆ ಬೈದು ಕೂರಿಸ್ತಾರೆ. ಅಮ್ಮ ಹೇಗಿದ್ಲು, ಹೇಗೆ ಎತ್ತಿಕೊಳ್ತಿದ್ಲು, ಈಗಲಾದ್ರೂ ಹೇಳಬೇಕು ಅವರು" ಎಂದು ಶನಿವಾರ ಮಧ್ಯಾಹ್ನ ನನ್ನನ್ನು ಮನೆಗೆ ಎಳೆದುಕೊಂಡು ಹೋದಳು. ಮೂರನೇ ಮಹಡಿ, ಎರಡು ಕೋಣೆ. ಎಪ್ಪತ್ತೆಂಟರ ಅತ್ತೆ ಕಿಟಕಿಯ ಬಳಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಹಲ್ಲಕ್ಕ ಮಂಚದ ಇನ್ನೊಂದು ತುದಿಯಲ್ಲಿ ಕೂತಳು. ನಾನು ಗೆರೆಯ ಕಾಗದವನ್ನು ಅವರ ಮುಂದೆ ಹರವಿ, ಮೇಷ್ಟರ ಹಾಗೆ ಎಲ್ಲ ವಿವರಿಸಿದೆ. ಅವರು ಮಡಿಸುವುದನ್ನು ನಿಲ್ಲಿಸಿದರು.

"ಎದೆಹಾಲು ಅಂತ ಗೊತ್ತಾಗುತ್ತಾ?"

"ಚೆನ್ನಾಗಿ ಗೊತ್ತಾಗುತ್ತೆ ಅಮ್ಮ," ಎಂದೆ, ಸ್ವಲ್ಪ ಜಂಬದಿಂದಲೇ.

"ಯಾರದ್ದು ಅಂತ?"

ನನ್ನ ಜಂಬ ಜರ್ರನೆ ಇಳಿಯಿತು. ಮೂವತ್ತು ವರ್ಷದಲ್ಲಿ ನೂರಾರು ಮಕ್ಕಳ ಹಲ್ಲು ಓದಿದ್ದೇನೆ, ಪ್ರತಿ ವರದಿಯಲ್ಲೂ ತಾಯಿ ಎಂದೇ ಬರೆದಿದ್ದೇನೆ. ಈ ಪ್ರಶ್ನೆ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. "ಅದು ಗೊತ್ತಾಗಲ್ಲ," ಎಂದೆ.

ಅತ್ತೆ ಸೊಸೆಯ ಕಡೆ ತಿರುಗಿದರು. "ನಿಮ್ಮಮ್ಮ ಒಂಬತ್ತನೇ ದಿನ ಹೋದಳು ಕಣೇ. ಅದಕ್ಕೆ ಎರಡು ದಿನ ಮುಂಚೆ ನನ್ನ ಮಗು ಹೋಗಿತ್ತು. ಗಂಡು. ಐದು ದಿನದ್ದು. ನನಗೆ ಎದೆಯಲ್ಲಿ ಹಾಲು ಕಟ್ಟಿ ಪ್ರಾಣ ಹೋಗೋ ಹಾಗೆ ನೋಯ್ತಿತ್ತು, ನೀನು ಹಸಿದು ಕಿರುಚ್ತಿದ್ದೆ. ನಿಮ್ಮಪ್ಪ ನಿನ್ನನ್ನ ತಂದು ನನ್ನ ಮಡಿಲಲ್ಲಿ ಹಾಕಿ ಆಚೆ ಹೋದ. ಒಂದು ಮಾತೂ ಆಡಲಿಲ್ಲ."

ಹಲ್ಲಕ್ಕ ಕೇಳಿದ್ದು ಇಷ್ಟು: "ಅಮ್ಮ ಒಂಬತ್ತೇ ದಿನಾನಾ?"

ನನಗೆ ಮೈಯೆಲ್ಲ ಉರಿಯಿತು. ಎದುರಿಗೆ ಕೂತವರು ಹೊಟ್ಟೆಯಲ್ಲಿದ್ದುದನ್ನೆಲ್ಲ ಬಿಚ್ಚಿಟ್ಟ ಮೇಲೂ ಇವಳಿಗೆ ಕೇಳಿಸಿದ್ದು ಆ ಒಂಬತ್ತೇನಾ? ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡೆ. ಒಂದು ವಾರದ ಮಟ್ಟಿಗೆ ಸಿಕ್ಕಿದ್ದ ಅಮ್ಮ ಮತ್ತೆ ಹೋಗಿದ್ದಳು.

"ಒಂಬತ್ತೇ," ಎಂದರು ಅತ್ತೆ, ಬೇಸರವಿಲ್ಲದೆ.

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ಏನಂತ ಹೇಳಲಿ? ವರ್ಷ ತುಂಬೋ ಹೊತ್ತಿಗೆ ನನ್ನನ್ನೇ ಅಮ್ಮಾ ಅಂದೆ. ಓ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಆದ್ರೆ ಪಾಪ, ಒಂಬತ್ತು ದಿನ ಇದ್ದು ಹೋದವಳು. ಅವಳಿಗೆ ಅಂತ ಉಳಿದಿದ್ದು ಆ ಒಂದು ಮಾತು. ಅದನ್ನೂ ನಾನೇ ತಗೊಂಡು ಬಿಡ್ಲಾ? ಅತ್ತೆ ಅನ್ನು ಅಂತ ನಾನೇ ತಿದ್ದಿದೆ. ಒಂದು ವಾರ ಬೇಕಾಯ್ತು. ಆಗಲೇ ಹಠಮಾರಿ ನೀನು."

ಹಲ್ಲಕ್ಕ ಮಂಚದಿಂದ ಜಾರಿ ನೆಲಕ್ಕೆ ಕೂತು, ಅತ್ತೆಯ ಮೊಣಕಾಲನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲಿ ನೋಡುವುದೋ ತಿಳಿಯದೆ ನಾನು ಕಿಟಕಿಯಾಚೆ ನೋಡಿದೆ.

ಅತ್ತೆಯ ಒಂದು ಕೈ ಸೊಸೆಯ ತಲೆಯ ಮೇಲಿತ್ತು. ಇನ್ನೊಂದು ಕೈಯ ಬೆರಳನ್ನು ಕಾಗದದ ಮೇಲಿಟ್ಟು ನನ್ನನ್ನು ಕೇಳಿದರು: "ಈ ಮೇಲಿರೋದೇ ಆ ಹಾಲಾ?"

"ಹೌದಮ್ಮ."

"ಇದು ಅವನಿಗೆ ಅಂತ ಬಂದಿದ್ದ ಹಾಲು," ಎಂದರು. "ಅವನದ್ದು ಏನೂ ಉಳೀಲಿಲ್ಲ. ಒಂದು ಫೋಟೋ ಇಲ್ಲ. ಹೆಸರು ಇಡೋ ಅಷ್ಟು ದಿನವೂ ಇರಲಿಲ್ಲ. ನಲವತ್ತೆಂಟು ವರ್ಷ ಆಯ್ತು, ಹಾಗೊಬ್ಬ ಇದ್ದ ಅಂತ ಯಾರೂ ಬಾಯಿ ಬಿಟ್ಟು ಅಂದಿಲ್ಲ." ಬೆರಳು ಆ ನಾಲ್ಕು ಚುಕ್ಕೆಗಳ ಮೇಲೆ ಒಂದೊಂದಾಗಿ ಹಾದು ಮತ್ತೆ ಮೊದಲನೆಯದಕ್ಕೆ ಬಂತು.

"ಈ ಕಾಗದ ನಾನು ಇಟ್ಕೊಳ್ಲಾ?" ಎಂದು ಕೇಳಿದರು.